ಟೆಂಕರಾ ಗಾಳಕ್ಕೆ ಹೊರಟಿದ್ದೀರಾ? ಕಡಿಮೆ ಸಾಮಾನು ಜೋಡಿಸುವ ಬಗೆ ಇಲ್ಲಿದೆ

ಜಪಾನಿಗೆ ಕೆಲಸಕ್ಕೆ ಹೋದವರು, ಕ್ಯಾಲಿಫೋರ್ನಿಯಾ, ಕೊಲರಾಡೊ ಕಡೆ ನೆಲೆಸಿದವರು, ರಜೆಗೆ ಹಿಮಾಚಲಕ್ಕೆ ಹೊರಟ ಬೆಂಗಳೂರಿನವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಟೆಂಕರಾಗೆ ಏನೇನು ಒಯ್ಯಬೇಕು, ಅದನ್ನು ಹೇಗೆ ಜೋಡಿಸಿಕೊಳ್ಳಬೇಕು? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಹೊಸಬರಿಗೆ ಎರಡು ಮಾತು. ಟೆಂಕರಾ ಜಪಾನಿನ ಬೆಟ್ಟದ ತೊರೆಗಳಲ್ಲಿ ಬೆಳೆದ ಗಾಳದ ಪದ್ಧತಿ. ಉದ್ದನೆಯ ಕೋಲು, ಅದರ ತುದಿಗೇ ಕಟ್ಟಿದ ದಾರ, ದಾರದ ಕೊನೆಗೆ ಕೊಕ್ಕೆಯ ಮೇಲೆ ನೂಲು, ಗರಿ ಸುತ್ತಿ ಮಾಡಿದ ನಕಲಿ ಹುಳ. ದಾರ ಸುತ್ತುವ ರೀಲ್ ಇರುವುದಿಲ್ಲ. ಅಲ್ಲಿನ ಬೆಟ್ಟದ ಜನ ಇವಾನಾ, ಯಮಾಮೆ, ಅಮಾಗೊ ಎಂಬ ತಣ್ಣೀರ ಮೀನುಗಳನ್ನು ಹೀಗೆ ಹಿಡಿಯುತ್ತಿದ್ದರು. 2009ರಲ್ಲಿ ಅಮೆರಿಕದಲ್ಲಿ ಟೆಂಕರಾ ಯುಎಸ್‌ಎ ಕಂಪನಿ ಶುರುವಾದ ಮೇಲೆ ಜಪಾನಿನ ಆಚೆಗೂ ಹರಡಿತು. ಮಲೆನಾಡಿನ ಹಳ್ಳದಲ್ಲಿ ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳ ಸಿಕ್ಕಿಸಿ ಕೂತವರಿಗೆ ಇದರ ಕಟ್ಟು ಕೂಡಲೇ ತಿಳಿಯುತ್ತದೆ.

ಇಲ್ಲಿ ಸಾಮಾನು ಕಡಿಮೆ ಇರುವುದು ನಿಜ. ಆದರೂ ಜನ ಒದ್ದಾಡುತ್ತಾರೆ, ಯಾಕೆಂದರೆ ಯಾವುದು ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಮೊಣಕಾಲುದ್ದ ನೀರಲ್ಲಿ ನಿಂತಿದ್ದೀರಿ, ಒಂದು ಕೈಯಲ್ಲಿ ಕೋಲು, ಕಾಲಡಿ ಪಾಚಿ ಹಿಡಿದ ಕಲ್ಲು. ಆಗ ಬೇಕಾದ ವಸ್ತು ಇನ್ನೊಂದು ಕೈಗೆ ನೋಡದೆ ಸಿಗಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿವೆ.

1. ಮೊದಲು ಜಾಗ, ತಿಂಗಳು, ಪರವಾನಗಿ

ಚೀಲ ತೆಗೆಯುವ ಮುಂಚೆ ಇದು ಮುಗಿದಿರಲಿ.

ಜಪಾನಿನಲ್ಲಿ ತೊರೆಗಳನ್ನು ಆಯಾ ಊರಿನ ಮೀನುಗಾರರ ಸಹಕಾರ ಸಂಘಗಳು ನೋಡಿಕೊಳ್ಳುತ್ತವೆ. ಅವುಗಳ ದಿನದ ಚೀಟಿ ಗಾಳದ ಅಂಗಡಿಗಳಲ್ಲಿ, ಎಷ್ಟೋ ಕಡೆ ಕನ್ವೀನಿಯನ್ಸ್ ಸ್ಟೋರ್‌ಗಳಲ್ಲೂ ಸಿಗುತ್ತದೆ. ಹೆಚ್ಚಿನ ಕಡೆ ಅಕ್ಟೋಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಬೆಟ್ಟದ ಮೀನಿಗೆ ಗಾಳ ಹಾಕುವಂತಿಲ್ಲ. ತಾರೀಕು ಊರಿಂದೂರಿಗೆ ಬದಲಾಗುತ್ತದೆ, ವಿಚಾರಿಸಿಕೊಳ್ಳಿ.

ಹಿಮಾಚಲದ ತೀರ್ಥನ್‌ನಂಥ ನದಿಗಳಲ್ಲಿ ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಬ್ರೌನ್ ಟ್ರೌಟ್ ಎಂಬ ತಣ್ಣೀರ ಮೀನು ಇದೆ. ರಾಜ್ಯದ ಮೀನುಗಾರಿಕೆ ಇಲಾಖೆಯಿಂದ ಲೈಸೆನ್ಸ್ ಪಡೆಯಬೇಕು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆ ಇಡುವ ಕಾಲ, ಆಗ ನಿಷೇಧ. ಅಮೆರಿಕದಲ್ಲಿ ಆಯಾ ರಾಜ್ಯದ ಲೈಸೆನ್ಸ್ ಬೇಕು. ಯೆಲ್ಲೊಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಬೇರೆಯದೇ ಪರ್ಮಿಟ್. ಅಲ್ಲಿ ಮುಳ್ಳಿಲ್ಲದ ಕೊಕ್ಕೆ ಕಡ್ಡಾಯ, ಸೀಸದ ತೂಕ ಕಟ್ಟುವಂತಿಲ್ಲ.

ಕರ್ನಾಟಕದಲ್ಲಿ ಎಲ್ಲಿ ಹಾಕಬಹುದು ಅಂತಲೂ ತುಂಬ ಜನ ಕೇಳುತ್ತೀರಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನ ಹೊಳೆ-ಹಳ್ಳಗಳಿಗೆ ದಯವಿಟ್ಟು ಹೋಗಬೇಡಿ, ಅದು ಅಪರಾಧ. ಶೃಂಗೇರಿ, ಶಿಶಿಲದಂಥ ಕಡೆ ದೇವರ ಮೀನೆಂದು ಕಾಪಾಡಿಕೊಂಡು ಬಂದ ಮಡುಗಳ ಹತ್ತಿರವೂ ಬೇಡ. ಕಾವೇರಿಯ ಕಿತ್ತಳೆ ರೆಕ್ಕೆಯ ದೊಡ್ಡ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು 2018ರಲ್ಲಿ ಅತಿ ಗಂಭೀರ ಅಪಾಯದ ಪಟ್ಟಿಗೆ ಸೇರಿಸಿತು. ಆ ಗಾತ್ರದ ಮೀನಿಗೆ ಟೆಂಕರಾ ಕೋಲು ಹೇಳಿ ಮಾಡಿಸಿದ್ದೂ ಅಲ್ಲ. ದಾರ ಹರಿದು ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತದೆ.

2. ಕೋಲು ಒಂದೇ ಸಾಕು

ಟೆಂಕರಾ ಕೋಲು ಒಂದರೊಳಗೊಂದು ಸೇರುವ ಕಾರ್ಬನ್ ಕೊಳವೆಗಳಿಂದ ಆಗಿರುತ್ತದೆ. ಬಿಚ್ಚಿದರೆ 3.3ರಿಂದ 4.5 ಮೀಟರ್. ಮಡಚಿದರೆ ಸಾಮಾನ್ಯವಾಗಿ 50–60 ಸೆಂಟಿಮೀಟರ್. ತೂಕ 100 ಗ್ರಾಂ ಒಳಗೆ. ಮೊದಲ ಕೋಲಾದರೆ 3.6 ಮೀಟರಿನದು ತೆಗೆದುಕೊಳ್ಳಿ. ಮರಗಳು ಬಾಗಿದ ಸಣ್ಣ ತೊರೆಗೂ ಆಗುತ್ತದೆ, ಸ್ವಲ್ಪ ಬಯಲು ಜಾಗಕ್ಕೂ ಆಗುತ್ತದೆ.

ಕೋಲಿನ ಮೇಲೆ 5:5, 6:4, 7:3 ಅಂತ ಅಂಕಿ ಇರುತ್ತದೆ. ಕೋಲು ಎಲ್ಲಿಂದ ಬಾಗುತ್ತದೆ ಅನ್ನುವುದರ ಗುರುತು ಅದು. 5:5 ಆದರೆ ನಡುವಿನಿಂದಲೇ ಬಾಗುತ್ತದೆ, 7:3 ಆದರೆ ತುದಿಯ ಭಾಗ ಮಾತ್ರ. ಹೊಸಬರಿಗೆ 6:4 ಹಿತ.

ಕೋಲಿನ ಜೊತೆ ಚೀಲಕ್ಕೆ ಹೋಗಬೇಕಾದ್ದು ಎರಡು. ಒಂದು, ಬದಲಿ ತುದಿ ಕೊಳವೆ. ಮುರಿಯುವುದು ಹೆಚ್ಚಾಗಿ ತುದಿಯೇ. ಇನ್ನೊಂದು, ಹಳೆ ಸೈಕಲ್ ಟ್ಯೂಬಿನ ಎರಡು ತುಂಡು. ಕೊಳವೆಗಳು ಬಿಗಿದುಕೊಂಡು ಒಳಗೆ ಹೋಗದಿದ್ದಾಗ ರಬ್ಬರು ಸುತ್ತಿ, ಎರಡೂ ಕೈ ಹತ್ತಿರ ಹತ್ತಿರ ಹಿಡಿದು ನೇರಕ್ಕೆ ಒತ್ತಿದರೆ ಬಿಡುತ್ತದೆ. ಬಾಗಿಸಿ ಒತ್ತಿದರೆ ಚಟ್ಟನೆ ಮುರಿಯುತ್ತದೆ.

ಎಚ್ಚರ: ಕೋಲಿನ ಬಾಯಿಗೆ ಹಾಕುವ ಬಿರಡೆ ಕಳೆದುಹೋಗುವಷ್ಟು ಇನ್ಯಾವುದೂ ಕಳೆದುಹೋಗುವುದಿಲ್ಲ. ಬಿಚ್ಚಿದ ಕೂಡಲೇ ಅದಕ್ಕೆಂದೇ ಇಟ್ಟ ಜಿಪ್ ಜೇಬಿಗೆ ಹಾಕಿ. ಬಿರಡೆ ಇಲ್ಲದೆ ನಡೆದರೆ ಕೊಳವೆಗಳು ಜಾರಿ ಹೊರಬರುತ್ತವೆ, ಗಿಡಗಂಟಿಗೆ ಸಿಕ್ಕಿ ತುದಿ ಹೋಗುತ್ತದೆ.

3. ದಾರ: ಅರ್ಧ ಕೆಲಸ ಸುತ್ತುವುದರಲ್ಲಿದೆ

ಈ ಹಂತವನ್ನು ನಿಧಾನವಾಗಿ ಓದಿ. ತೊರೆಯ ಪಕ್ಕದಲ್ಲಿ ಕಳೆದುಹೋಗುವ ಹೊತ್ತಿನಲ್ಲಿ ಮುಕ್ಕಾಲು ಪಾಲು ದಾರದ ಸಿಕ್ಕು ಬಿಡಿಸುವುದಕ್ಕೇ ಹೋಗುತ್ತದೆ.

ಮೊದಲು ಯಾವ ದಾರ ಅನ್ನುವುದು. ಒಂದೇ ದಪ್ಪದ, ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ಕಿನ ದಾರಕ್ಕೆ ಲೆವೆಲ್ ಲೈನ್ ಅನ್ನುತ್ತಾರೆ. ಜಪಾನಿನ ಲೆಕ್ಕದಲ್ಲಿ 3 ನಂಬರ್ ಅಂದರೆ ಸುಮಾರು 0.285 ಮಿಲಿಮೀಟರ್, 4 ನಂಬರ್ ಅಂದರೆ 0.33. ನಡುವಿನ 3.5 ನಂಬರ್ ಕಲಿಯುವವರಿಗೆ ಸರಿ. ಬಣ್ಣ ಕಿತ್ತಳೆಯೋ ಗುಲಾಬಿಯೋ ಇರಲಿ, ಕಣ್ಣಿಗೆ ಹೊಡೆಯಬೇಕು. ಮೀನು ಹುಳ ಹಿಡಿದಾಗ ಎಷ್ಟೋ ಸಲ ಕೈಗೆ ಏನೂ ಗೊತ್ತಾಗುವುದಿಲ್ಲ. ದಾರ ಒಂದು ಕ್ಷಣ ನಿಂತದ್ದು ಕಾಣುತ್ತದೆ, ಅಷ್ಟೇ.

ಉದ್ದ ಕೋಲಿನಷ್ಟೇ ಇರಲಿ. ಅದರ ತುದಿಗೆ ಟಿಪ್ಪೆಟ್ ಎನ್ನುವ ತೆಳು, ಬಣ್ಣವಿಲ್ಲದ ದಾರ ಒಂದು ಮೀಟರ್. ಇದಕ್ಕಿಂತ ಜಾಸ್ತಿ ಉದ್ದ ಮಾಡಿದರೆ ಮೀನು ಹತ್ತಿರ ಬಂದರೂ ಕೈಗೆ ಎಟುಕುವುದಿಲ್ಲ, ಸುತ್ತಿಕೊಳ್ಳಲು ರೀಲ್ ಇಲ್ವಲ್ಲ.

ಈಗ ಸುತ್ತುವ ಕ್ರಮ. ಸುತ್ತಲೂ ಫೋಮ್ ಇರುವ, ಅಂಗೈಯಗಲದ ಸ್ಪೂಲ್ ತೆಗೆದುಕೊಳ್ಳಿ. ಯಾವಾಗಲೂ ಹುಳದ ಕಡೆಯಿಂದ ಸುತ್ತಲು ಶುರು ಮಾಡಿ. ಕೊಕ್ಕೆಯನ್ನು ಫೋಮಿಗೆ ಚುಚ್ಚಿ, ಮೇಲೆ ಟಿಪ್ಪೆಟ್, ಅದರ ಮೇಲೆ ಬಣ್ಣದ ದಾರ, ಕೊನೆಗೆ ಕೋಲಿಗೆ ಕಟ್ಟುವ ಕುಣಿಕೆ. ಹೀಗೆ ಸುತ್ತಿದರೆ ಮುಂದಿನ ಸಲ ತೆಗೆದಾಗ ಕುಣಿಕೆಯೇ ಮೊದಲು ಕೈಗೆ ಬರುತ್ತದೆ. ಅದನ್ನು ಕೋಲಿಗೆ ಕಟ್ಟಿ, ಸ್ಪೂಲ್ ಬಿಚ್ಚುತ್ತ ಹಿಂದಕ್ಕೆ ನಡೆದರೆ ಆಯಿತು. ತಿರುಗುಮುರುಗಾಗಿ ಸುತ್ತಿದರೆ ಮೊದಲು ಬರುವುದು ಕೊಕ್ಕೆ. ಅದು ತೋಳಿಗೋ, ಹುಲ್ಲಿಗೋ, ಚೀಲಕ್ಕೋ ಸಿಕ್ಕಿಕೊಂಡೇ ತೀರುತ್ತದೆ.

ಬಿಗಿಯಾಗಿ ಎಳೆದು ಸುತ್ತಬೇಡಿ. ಫ್ಲೋರೋಕಾರ್ಬನ್ ಸುರುಳಿಯ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ಬಿಚ್ಚಿದ ಮೇಲೆ ಎರಡು ಕೈಗಳ ನಡುವೆ ಒಂದೊಂದು ಮಾರು ಹಿಡಿದು ಮೆಲ್ಲಗೆ ಜಗ್ಗಿದರೆ ನೆಟ್ಟಗಾಗುತ್ತದೆ.

ಸ್ಪೂಲ್ ಎರಡು ಇರಲಿ. ಒಂದರಲ್ಲಿ ಕೋಲಿನಷ್ಟು ಉದ್ದದ ದಾರ, ಇನ್ನೊಂದರಲ್ಲಿ ಅದಕ್ಕಿಂತ ಒಂದು ಮೀಟರ್ ಗಿಡ್ಡ. ಪೊದೆ ಜಾಸ್ತಿ ಇರುವ ಕಡೆ ಗಿಡ್ಡದು ಬೇಕೇ ಬೇಕು. ಮೂರನೆಯದು ಬೇಡ. ಸ್ಪೂಲಿನ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ಉದ್ದ, ನಂಬರ್ ಬರೆದಿಡಿ.

4. ಕೋಲು ಬಿಚ್ಚುವ, ಮಡಚುವ ಕ್ರಮ ಮನೆಯಲ್ಲೇ ರೂಢಿಯಾಗಲಿ

ಕೋಲಿನ ತುದಿಯಲ್ಲಿ ಲಿಲಿಯನ್ ಅನ್ನುವ ಹೆಣೆದ ಸಣ್ಣ ದಾರ ಅಂಟಿಸಿರುತ್ತಾರೆ, ಸಾಮಾನ್ಯವಾಗಿ ಕೆಂಪು ಬಣ್ಣದ್ದು. ದಾರ ಕಟ್ಟುವುದು ಅದಕ್ಕೆ. ಕೋಲು ಮಡಚಿದ್ದಾಗಲೇ ಲಿಲಿಯನ್ ಮಾತ್ರ ಹೊರಗೆ ಎಳೆದು, ಕುಣಿಕೆ ಹಾಕಿ ಬಿಗಿಯಿರಿ. ಆಮೇಲೆ ದಾರವನ್ನು ಸ್ಪೂಲಿನಿಂದ ಬಿಡಿಸಿ. ಕೊನೆಗೆ ಕೋಲನ್ನು ಬಿಚ್ಚಿ: ಮೊದಲು ತೆಳು ತುದಿ, ಆಮೇಲೆ ಒಂದೊಂದಾಗಿ ದಪ್ಪ ಕೊಳವೆಗಳು. ಮಡಚುವಾಗ ಉಲ್ಟಾ, ಹಿಡಿಯ ಪಕ್ಕದ ದಪ್ಪ ಕೊಳವೆ ಮೊದಲು ಒಳಗೆ, ತುದಿ ಕೊನೆಗೆ.

ಕೋಲು ಪೂರ್ತಿ ಬಿಚ್ಚಿಟ್ಟು ಆಮೇಲೆ ತುದಿಗೆ ದಾರ ಕಟ್ಟಲು ಹೋಗುವವರಿದ್ದಾರೆ. ಕೋಲು ಮುರಿಯುವುದು ಹೆಚ್ಚಾಗಿ ಆಗಲೇ. ಇನ್ನೊಂದು ಅಪಾಯ, ಹುಳ ಮರಕ್ಕೆ ಸಿಕ್ಕಿಕೊಂಡಾಗ ಕೋಲಿನಿಂದಲೇ ಜಗ್ಗುವುದು. ಕೋಲು ಮಡಚಿ, ದಾರವನ್ನು ಕೈಗೆ ತೆಗೆದುಕೊಂಡು ನೇರಕ್ಕೆ ಎಳೆಯಿರಿ. ಟಿಪ್ಪೆಟ್ ಹರಿದರೆ ಹೋಗಲಿ.

5. ಟಿಪ್ಪೆಟ್ ಒಂದೇ ಸ್ಪೂಲ್

5ಎಕ್ಸ್ ಎಂಬ ಗುರುತಿನದು ತೆಗೆದುಕೊಳ್ಳಿ, ದಪ್ಪ ಸುಮಾರು 0.15 ಮಿಲಿಮೀಟರ್. ಎಕ್ಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ದಾರ ತೆಳು. ದೊಡ್ಡ ಮೀನು ಸಿಕ್ಕೀತು ಅಂತ ದಪ್ಪದ್ದು ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಟಿಪ್ಪೆಟ್ ಕೋಲಿಗಿಂತ ಮೊದಲು ಹರಿಯಬೇಕು. ದಪ್ಪ ಟಿಪ್ಪೆಟ್ ಕಟ್ಟಿದರೆ ಕೋಲೇ ಹೋಗುತ್ತದೆ.

6. ಹುಳಗಳ ಡಬ್ಬಿ

ಟೆಂಕರಾದ ನಕಲಿ ಹುಳಕ್ಕೆ ಕೆಬಾರಿ ಅನ್ನುತ್ತಾರೆ. ಹೆಚ್ಚು ಹೆಸರಾದದ್ದು ಸಕಾಸಾ ಕೆಬಾರಿ. ಅದರ ಗರಿಗಳು ಕೊಕ್ಕೆಯ ಕಣ್ಣಿನ ಕಡೆಗೆ, ಅಂದರೆ ಮುಂದಕ್ಕೆ ಬಾಗಿರುತ್ತವೆ. ಕೋಲಿನ ತುದಿಯನ್ನು ಸ್ವಲ್ಪ ಸ್ವಲ್ಪ ಅಲುಗಿಸಿದರೆ ಗರಿಗಳು ನೀರಲ್ಲಿ ಮುಚ್ಚಿ ತೆರೆಯುತ್ತವೆ. ಜೀವ ಇರುವ ಹುಳ ಅಂತ ಮೀನು ನಂಬುತ್ತದೆ.

ಫ್ಲೈ ಗಾಳ, ಅಂದರೆ ನಕಲಿ ಹುಳದ ಗಾಳ ಹಾಕುವ ಬೇರೆಯವರು ನೂರಾರು ಬಗೆಯ ಹುಳ ಇಟ್ಟುಕೊಳ್ಳುವುದುಂಟು. ಜಪಾನಿನ ಡಾ. ಹಿಸಾವೊ ಇಶಿಗಾಕಿ ಒಂದೇ ಬಗೆಯ ಕೆಬಾರಿಯಲ್ಲಿ ಗಾಳ ಹಾಕುವುದಕ್ಕೆ ಹೆಸರಾದವರು. ಹುಳ ಬದಲಿಸುತ್ತ ಕೂರುವ ಹೊತ್ತಿನಲ್ಲಿ ಇನ್ನೊಂದು ಮಡುವಿಗೆ ಹುಳ ಹಾಕಬಹುದಲ್ವಾ? ಈ ಮಾತು ನನಗೆ ಪೂರ್ತಿ ಒಪ್ಪಿಗೆ. ಆದರೂ ಹೊಸಬರಿಗೆ ಒಂದೇ ಬಗೆ ಅಂದರೆ ಧೈರ್ಯ ಸಾಲುವುದಿಲ್ಲ. ಹಾಗಾಗಿ ನನ್ನ ಸಲಹೆ, ಹತ್ತು-ಹನ್ನೆರಡು ಹುಳ, ಎರಡೇ ಬಗೆ. ಅರ್ಧ ಕಪ್ಪು-ಕಂದು ಬಣ್ಣದವು, ಅರ್ಧ ತಿಳಿ ಬಣ್ಣದವು. ಕೊಕ್ಕೆ 12 ನಂಬರಿನದು.

ಡಬ್ಬಿ ಅಂಗಿಯ ಜೇಬಿಗೆ ಹಿಡಿಸುವಂಥದ್ದಾಗಲಿ. ಪೆಪ್ಪರ್‌ಮಿಂಟ್ ಬರುವ ತಗಡಿನ ಡಬ್ಬಿಯ ತಳಕ್ಕೆ ಫೋಮ್ ಅಂಟಿಸಿದರೂ ನಡೆಯುತ್ತದೆ. ಕೊಕ್ಕೆಗಳ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮುಳ್ಳು ಅಂದರೆ ಕೊಕ್ಕೆಯ ಮೊನೆಯ ಹಿಂದೆ ತಿರುಗಿ ನಿಂತ ಸಣ್ಣ ಚೂಪು. ಅದನ್ನು ಒತ್ತಿದರೆ ಮೀನಿನ ಬಾಯಿಂದ ಕೊಕ್ಕೆ ಸುಲಭವಾಗಿ ಬರುತ್ತದೆ, ನಿಮ್ಮ ಬೆರಳಿಗೆ ಚುಚ್ಚಿದರೂ ಅಷ್ಟೇ ಸುಲಭ.

ಎಚ್ಚರ: ಒದ್ದೆ ಹುಳವನ್ನು ಡಬ್ಬಿಗೆ ವಾಪಸ್ ಹಾಕಬೇಡಿ. ಒಂದರ ತೇವಕ್ಕೆ ಎಲ್ಲ ಕೊಕ್ಕೆಗೂ ತುಕ್ಕು ಹಿಡಿಯುತ್ತದೆ. ಎದೆಚೀಲದ ಹೊರಗೆ ಫೋಮಿನ ತುಂಡು ಹೊಲಿದು, ಬಳಸಿದ ಹುಳಗಳನ್ನು ಒಣಗುವವರೆಗೆ ಅದಕ್ಕೆ ಚುಚ್ಚಿಡಿ.

7. ಎದೆಚೀಲ ಜೋಡಿಸುವುದು

ಇಷ್ಟು ಸಾಮಾನಿಗೆ ಎದೆಯ ಮೇಲೆ ತೂಗುವ ಸಣ್ಣ ಚೀಲ ಸಾಕು. ಸೊಂಟದ ಚೀಲ ಆಳದ ನೀರಲ್ಲಿ ಒದ್ದೆಯಾಗುತ್ತದೆ. ಬೆನ್ನಿನ ಚೀಲವನ್ನು ಪ್ರತಿ ಸಲ ಇಳಿಸಬೇಕು. ನೀರ ನಡುವೆ ಅದನ್ನು ಇಳಿಸಲು ಹೋಗಿ ಆಯ ತಪ್ಪುವವರು ಕಡಿಮೆಯೇನಿಲ್ಲ.

ಸಾಮಾನನ್ನು ಬಗೆಯ ಪ್ರಕಾರ ಬೇರ್ಪಡಿಸಬೇಡಿ, ಬಳಸುವ ಹೊತ್ತಿನ ಪ್ರಕಾರ ಇಡಿ. ಹುಳ ಬದಲಿಸಲು ಬೇಕಾಗುವುದು ಮೂರು: ಡಬ್ಬಿ, ಟಿಪ್ಪೆಟ್, ದಾರ ಕತ್ತರಿಸುವ ನಿಪ್ಪರ್. ಈ ಮೂರೂ ಒಂದೇ ಕಡೆ ಇರಲಿ. ನಿಪ್ಪರ್ ಬದಲು ಉಗುರು ಕತ್ತರಿಸುವ ನೈಲ್ ಕಟರ್ ಆದರೂ ಸರಿ. ಅದನ್ನು ಎಳೆದರೆ ಬಂದು, ಬಿಟ್ಟರೆ ವಾಪಸ್ ಹೋಗುವ ಐಡಿ ಕಾರ್ಡಿನ ದಾರಕ್ಕೆ ಕಟ್ಟಿ. ಮೀನು ಬಿಡಿಸಲು ಬೇಕಾಗುವುದು ಫೋರ್ಸೆಪ್ಸ್, ಅಂದರೆ ಆಸ್ಪತ್ರೆಯಲ್ಲಿ ಬಳಸುವ ಉದ್ದ ಮೂತಿಯ ಚಿಮಟ. ಅದು ಕೋಲು ಹಿಡಿಯದ ಕೈಯ ಕಡೆ ಹೊರಗೇ ಸಿಕ್ಕಿಸಿರಲಿ. ಜಾಗ ಬದಲಿಸುವಾಗ ಬೇಕಾಗುವುದು ಖಾಲಿ ಸ್ಪೂಲ್ ಮತ್ತು ಬಿರಡೆ. ಇವೆರಡೂ ಒಟ್ಟಿಗೆ, ಮುಂಭಾಗದ ಜಿಪ್ಪಿನಲ್ಲಿ.

ಇನ್ನೊಂದು ಪುಟ್ಟ ಡಬ್ಬಿ ಬೇಕು. ಹಳೆ ಮಾತ್ರೆ ಡಬ್ಬಿ ಸಾಕು. ಕತ್ತರಿಸಿದ ದಾರದ ಚೂರುಗಳೆಲ್ಲ ಅದಕ್ಕೆ. ಈ ದಾರ ಕೊಳೆಯುವುದಿಲ್ಲ. ತೊರೆ ಪಕ್ಕ ಬಿದ್ದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಂಡು ಅವು ನರಳಿ ಸಾಯುತ್ತವೆ. ಹಿಂದೆ ಬಂದವರು ಬಿಟ್ಟದ್ದು ಕಂಡರೆ ಅದನ್ನೂ ಹಾಕಿಕೊಳ್ಳಿ.

ಜೋಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಮನೆಯಲ್ಲಿ ಚೀಲ ತೊಟ್ಟು ನಿಂತು, ಮಡಚಿದ ಕೋಲನ್ನು ಒಂದು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ. ನಿಪ್ಪರ್, ಫೋರ್ಸೆಪ್ಸ್, ಟಿಪ್ಪೆಟ್, ಬಿರಡೆ, ಒಂದೊಂದಾಗಿ ಮುಟ್ಟಿ. ಯಾವುದಕ್ಕೆ ತಡಕಾಡಿದಿರೋ ಅದರ ಜಾಗ ಬದಲಿಸಿ. ತಡಕಾಟ ನಿಲ್ಲುವವರೆಗೆ ಹೀಗೆ ಮಾಡಿ. ಆಮೇಲೆ ಆ ಜಾಗಗಳನ್ನು ಬದಲಿಸಲೇಬೇಡಿ.

ಕೈಬಲೆ ಬೇಕೋ ಬೇಡವೋ? ಜಪಾನಿನಲ್ಲಿ ಮರದ ಕೊಂಬೆ ಬಗ್ಗಿಸಿ ಮಾಡಿದ ದುಂಡನೆಯ ಬಲೆಯನ್ನು ಸೊಂಟಪಟ್ಟಿಗೆ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ. ಭಾರ ಅನ್ನಿಸಿದರೂ ನಾನಂತೂ ಇಟ್ಟುಕೊಳ್ಳಿ ಅನ್ನುತ್ತೇನೆ. ಮೀನನ್ನು ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಬಹುದು, ಒಣ ಕೈಯಲ್ಲಿ ಹಿಡಿದು ಮೈಲೋಳೆ ತೆಗೆಯುವುದು ತಪ್ಪುತ್ತದೆ.

8. ಜೀವಕ್ಕೆ ಬೇಕಾದ್ದರಲ್ಲಿ ಕಡಿಮೆ ಮಾಡಬೇಡಿ

ಕಡಿಮೆ ಸಾಮಾನು ಅನ್ನುವ ಲೆಕ್ಕ ಗಾಳಕ್ಕೆ ಮಾತ್ರ. ಬೆನ್ನಿಗೆ ಸಣ್ಣ ಚೀಲವೊಂದರಲ್ಲಿ ನೀರು, ತಿಂಡಿ, ಮಳೆಕೋಟು, ಪ್ರಥಮ ಚಿಕಿತ್ಸೆಯ ಡಬ್ಬಿ, ಹೆಡ್‌ಲ್ಯಾಂಪ್, ನೀರು ನುಗ್ಗದ ಕವರಿನಲ್ಲಿ ಫೋನು ಮತ್ತು ಲೈಸೆನ್ಸ್ ಇರಲೇಬೇಕು. ಸೀಟಿ ಕೊರಳಲ್ಲಿರಲಿ, ಹರಿವಿನ ಸದ್ದಿನಲ್ಲಿ ನಿಮ್ಮ ಕೂಗು ಯಾರಿಗೂ ಕೇಳಿಸುವುದಿಲ್ಲ. ಜಪಾನಿನ ಬೆಟ್ಟಗಳಿಗೆ ಹೋಗುವವರು ಕರಡಿಗೆ ಎಚ್ಚರಿಕೆಯಾಗುವ ಗಂಟೆ ಕಟ್ಟಿಕೊಳ್ಳಿ.

ತಲೆಗೆ ಟೋಪಿ, ಕಣ್ಣಿಗೆ ಪೋಲರೈಸ್ಡ್ ಕನ್ನಡಕ. ಇದು ನೀರಿನ ಹೊಳಪನ್ನು ತಡೆಯುತ್ತದೆ, ತಳದ ಕಲ್ಲು-ಗುಂಡಿ ಕಾಣುತ್ತದೆ. ಹಾರಿ ಬರುವ ಕೊಕ್ಕೆಯಿಂದ ಕಣ್ಣನ್ನೂ ಕಾಯುತ್ತದೆ.

ಬೂಟಿನ ವಿಷಯದಲ್ಲಿ ಜಾಗ ನೋಡಿ ಆರಿಸಿ. ಫೆಲ್ಟ್, ಅಂದರೆ ಒತ್ತಿದ ಉಣ್ಣೆಯಂಥ ಅಡಿ ಪಾಚಿಗಲ್ಲಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಜಪಾನಿನಲ್ಲಿ ಇದರ ಬಳಕೆ ಹೆಚ್ಚು. ಆದರೆ ಫೆಲ್ಟ್ ಬೇಗ ಒಣಗುವುದಿಲ್ಲ. ಒಂದು ನದಿಯ ಪಾಚಿ, ರೋಗಾಣು ಅದರಲ್ಲಿ ಕೂತು ಇನ್ನೊಂದು ನದಿಗೆ ಹೋಗುತ್ತವೆ. ಇದೇ ಕಾರಣಕ್ಕೆ ಯೆಲ್ಲೊಸ್ಟೋನ್‌ನಲ್ಲಿ 2018ರಿಂದ ಫೆಲ್ಟ್ ನಿಷೇಧವಾಗಿದೆ. ಅಲ್ಲಿಗೆ ರಬ್ಬರ್ ಅಡಿಯ ಬೂಟು ಬೇಕು.

ನೀರಿನ ಥರ್ಮಾಮೀಟರ್ ಕೂಡ ಒಯ್ಯಿರಿ. ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಗಾಳ ನಿಲ್ಲಿಸಿ. ಆ ಬಿಸಿಯಲ್ಲಿ ಹೋರಾಡಿದ ಮೀನು ಬಿಟ್ಟ ಮೇಲೂ ಉಳಿಯುವುದು ಕಷ್ಟ.

ಎರಡು ಅಪಾಯಗಳನ್ನು ಒತ್ತಿ ಹೇಳಬೇಕು. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದ ಕೂಡಲೇ ಕೋಲು ಮಡಚಿ, ಕರೆಂಟ್ ತಂತಿಯ ಕೆಳಗೆ ಕೋಲು ಎತ್ತಲೇಬೇಡಿ. ಇನ್ನೊಂದು, ಮೇಲುಗಡೆ ಅಣೆಕಟ್ಟು ಇದೆಯೇ ಅಂತ ಊರವರನ್ನು ಕೇಳದೆ ನದಿಗೆ ಇಳಿಯಬೇಡಿ. 2014ರ ಜೂನ್‌ನಲ್ಲಿ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಬಿಯಾಸ್ ನದಿಯಲ್ಲಿದ್ದ ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ನೀರು ಕದಡಿದರೆ, ಎಲೆ-ಕಡ್ಡಿ ಜಾಸ್ತಿ ತೇಲಿ ಬಂದರೆ, ಹರಿವಿನ ಸದ್ದು ಬದಲಾದರೆ ತಕ್ಷಣ ದಡ ಹತ್ತಿ. ಸಾಮಾನು ಬಿಟ್ಟು ಹತ್ತಿ.

9. ವಿಮಾನದಲ್ಲಿ ಹೋಗುವವರಿಗೆ

ಕೊಕ್ಕೆ, ನಿಪ್ಪರ್, ಫೋರ್ಸೆಪ್ಸ್ ಎಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೋಲನ್ನು ಗಟ್ಟಿ ಕೊಳವೆಯಲ್ಲಿಟ್ಟು ಬಟ್ಟೆಗಳ ನಡುವೆ ಇಡಿ, ಅಂಚಿಗೆ ಬೇಡ. ಅಂಗಡಿಯ ಕೊಳವೆ ಇಲ್ಲದಿದ್ದರೆ ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪು, ಎರಡು ಮುಚ್ಚಳ ಸಾಕು. ಕೋಲು ಒಳಗೆ ಅಲ್ಲಾಡದಂತೆ ಕಾಲುಚೀಲ ತುರುಕಿ.

10. ವಾಪಸ್ ಬಂದ ದಿನ

ಅದೇ ರಾತ್ರಿ ಕೋಲಿನ ಹಿಂಬದಿಯ ತಿರುಪು ಬಿಚ್ಚಿ, ಕೊಳವೆಗಳನ್ನು ಹೊರತೆಗೆದು ಒಣ ಬಟ್ಟೆಯಿಂದ ಒರೆಸಿ. ನೆರಳಲ್ಲಿ ಪೂರ್ತಿ ಒಣಗಲಿ. ಒದ್ದೆ ಕೋಲನ್ನು ಹಾಗೇ ಮುಚ್ಚಿಟ್ಟರೆ ಕೊಳವೆಗಳ ಬಣ್ಣ ಉಬ್ಬುತ್ತದೆ, ಮುಂದಿನ ಸಲ ಬಿಗಿದುಕೊಳ್ಳುತ್ತವೆ. ಬೂಟು, ಬಲೆಗಳ ಕೆಸರು ತೊಳೆದು ಬಿಸಿಲಿಗೆ ಹಾಕಿ.

ದಾರದ ಮೇಲೆ ಬೆರಳಾಡಿಸಿ ನೋಡಿ. ಗೀರು, ಗಂಟು ತಗುಲಿದರೆ ಅಲ್ಲಿಗೆ ಕತ್ತರಿಸಿ ಹೊಸ ಟಿಪ್ಪೆಟ್ ಕಟ್ಟಿ. ಡಬ್ಬಿಯಲ್ಲಿ ಖಾಲಿಯಾದ ಹುಳಗಳ ಜಾಗ ತುಂಬಿ, ದಾರದ ಚೂರುಗಳ ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿಯಿರಿ. ಎಲ್ಲವೂ ಎದೆಚೀಲದಲ್ಲಿ ತಮ್ಮ ತಮ್ಮ ಜಾಗಕ್ಕೆ ಹೋಗಲಿ. ಜಿಪ್ಪನ್ನು ಮಾತ್ರ ಒಂದೆರಡು ದಿನ ತೆರೆದಿಡಿ, ಒಳಗಿನ ತೇವ ಆರುವವರೆಗೆ.